ತಾಯಮ್ಮ ಮೇಡಂ ಅವರ ಎಂಟು ಚಾಪೆ

ತಾಯಮ್ಮ ಮೇಡಂ ಪಿಸುಗುಟ್ಟಿದರೂ ಎದುರು ಮನೆಯ ಮಹಡಿಗೆ ಕೇಳುತ್ತಿತ್ತು. ಇದನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. ಒಂದು ಬೆಳಿಗ್ಗೆ ನಾವೆಲ್ಲ ಚಾಪೆಯ ಮೇಲೆ ಅಂಗಾತ ಮಲಗಿದ್ದೆವು. ಅವರು ತಮ್ಮ ಲೆಕ್ಕದಲ್ಲಿ ತೀರ ಮೆತ್ತಗೆ, "ಎಡಗಾಲು ಸಡಿಲ ಬಿಡಿ... ಈಗ ಬಲಗಾಲು..." ಎನ್ನುತ್ತಿದ್ದರು. ರಸ್ತೆಯಾಚೆಯ ಮನೆಯ ಬಾಲ್ಕನಿಯಲ್ಲಿ ಪೇಪರ್ ಓದುತ್ತ ಕೂತಿದ್ದ ಹಿರಿಯರೊಬ್ಬರು ಅಲ್ಲಿಂದಲೇ, "ಎರಡೂ ಬಿಟ್ಟಿದೀನಮ್ಮ, ಮುಂದಕ್ಕೆ ಹೇಳಿ," ಎಂದರು. ಎಂಟು ಜನ ಕ್ಯಾನ್ಸರ್ ರೋಗಿಗಳು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮಲ್ಲಿ ಮೂವರಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಹಿಡಿದುಕೊಳ್ಳದೆ ನಗುವುದು ಸಾಧ್ಯವೂ ಇರಲಿಲ್ಲ.

ಪೂರ್ತಿ ಹೆಸರು ಚಿಕ್ಕತಾಯಮ್ಮ. ಕನಕಪುರದ ಕಡೆಯವರು. ಮದುವೆಯಾಗಿ ಬೆಂಗಳೂರಿಗೆ ಬಂದು, ಇಪ್ಪತ್ತೆಂಟು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಆ ಧ್ವನಿ ಅಲ್ಲಿಂದ ಬಂದದ್ದು. ಎತ್ತರ ಐದು ಅಡಿ ಇದ್ದರೆ ಹೆಚ್ಚು. ಗಂಜಿ ಹಾಕಿದ ಕಾಟನ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಎರಡು ಪಾದಗಳನ್ನು ಅಗಲಿಸಿ ನಿಲ್ಲುತ್ತಿದ್ದರು, ನೆಲ ಯಾವ ಗಳಿಗೆಯಲ್ಲಾದರೂ ಬ್ರೇಕ್ ಹಾಕಬಹುದು ಎನ್ನುವ ಹಾಗೆ. ನಿವೃತ್ತಿಗೆ ಮುಂಚೆಯೇ ಸಂಜೆಯ ತರಗತಿಗೆ ಹೋಗಿ ಯೋಗ ಚಿಕಿತ್ಸೆಯ ಕೋರ್ಸ್ ಮುಗಿಸಿದ್ದರು. ಆಮೇಲೆ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ಎರಡು ವರ್ಷ ಪಳಗಿ, ಎನ್.ಆರ್. ಕಾಲೋನಿಯ ಒಂದು ಹಿಟ್ಟಿನ ಗಿರಣಿಯ ಮೇಲಿನ ಹಾಲನ್ನು ಬಾಡಿಗೆಗೆ ಹಿಡಿದರು. ಬೆಳಿಗ್ಗೆ ಏಳೂವರೆಗೆ ಒಂದು ಗುಂಪು, ಎಂಟೂ ಮುಕ್ಕಾಲಿಗೆ ಇನ್ನೊಂದು. ಗುಂಪಿಗೆ ಎಂಟೇ ಚಾಪೆ. ಒಂಬತ್ತನೆಯದನ್ನು ಅವರು ಕೊಂಡಿರಲೇ ಇಲ್ಲ.

"ಎಂಟಕ್ಕಿಂತ ಜಾಸ್ತಿಯಾದ್ರೆ ಮುಖ ಕಾಣಲ್ಲ ಸ್ವಾಮಿ, ಬರೀ ತಲೆ ಕಾಣುತ್ತೆ. ತಲೆ ಎಣಿಸೋ ಕೆಲಸ ಇಪ್ಪತ್ತೆಂಟು ವರ್ಷ ಮಾಡಿ ಸಾಕಾಗಿದೆ," ಎನ್ನುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಸಂತೋಷದಿಂದಲ್ಲ. ಸುಲ್ತಾನ್‌ಪೇಟೆಯಲ್ಲಿ ನನ್ನದೊಂದು ಮದುವೆ ಕಾರ್ಡಿನ ಅಂಗಡಿ. ಅಪ್ಪ ಶುರು ಮಾಡಿದ್ದು. ಐವತ್ತನಾಲ್ಕನೆಯ ವಯಸ್ಸಿಗೆ ದೊಡ್ಡ ಕರುಳಿನಲ್ಲಿ ಗಂಟು ಸಿಕ್ಕಿತು. ಆಪರೇಷನ್ ಆಯಿತು. ಮೂರು ವಾರಕ್ಕೊಂದರಂತೆ ಎಂಟು ಸಲ ಕೀಮೋ ಎಂದರು. ಎರಡು ಮುಗಿಯುವಷ್ಟರಲ್ಲಿ ನಾನು ನಿದ್ದೆ ಎನ್ನುವುದನ್ನೇ ಮರೆತಿದ್ದೆ. ಮಲಗಿದರೆ ಕಣ್ಣು ಮುಚ್ಚುತ್ತಿತ್ತು, ತಲೆ ಮಾತ್ರ ಮುಚ್ಚುತ್ತಿರಲಿಲ್ಲ. ಡಾಕ್ಟರು ಚೀಟಿಯ ಕೆಳಗೆ ಒಂದು ಫೋನ್ ನಂಬರ್ ಬರೆದು, "ಇವರ ಹತ್ತಿರ ಹೋಗಿ ನೋಡಿ," ಎಂದರು. ನಾನು ಚೀಟಿಯನ್ನು ಮಡಚಿ ಜೇಬಿಗಿಟ್ಟೆ. ನನ್ನ ಹೆಂಡತಿ ವಿಮಲಾ ಜೇಬಿನಿಂದ ತೆಗೆದು ಫೋನ್ ಮಾಡಿದಳು. ಮರುದಿನ ಚಾಮರಾಜಪೇಟೆಯ ನಮ್ಮ ಮನೆಯಿಂದ ಆಟೋದಲ್ಲಿ ಕರೆದೊಯ್ದು, ಗಿರಣಿಯ ಪಕ್ಕದ ಮೆಟ್ಟಿಲು ಹತ್ತಿಸಿ, ಹಾಲಿನ ಬಾಗಿಲಲ್ಲಿ ನಿಲ್ಲಿಸಿ, ತಾನು ಕೆಳಗೆ ಹೋಗಿ ಕೂತಳು.

ಕೊಳಲಿನ ಕ್ಯಾಸೆಟ್, ಊದುಬತ್ತಿ, ಬಿಳಿ ಬಟ್ಟೆ, ನಿಧಾನದ ಮಾತು, ಇಂಥದ್ದೇನೋ ಇರುತ್ತದೆಂದು ನಾನು ಎಣಿಸಿದ್ದೆ. ಒಳಗಿನಿಂದ ಕೇಳಿದ್ದು, "ಮೂಗು ಇರೋದು ಕನ್ನಡಕ ನಿಲ್ಸೋಕಲ್ಲ ಸ್ವಾಮಿ, ಉಸಿರಾಡೋಕೆ. ಬಾಯಿ ಮುಚ್ಚಿ."

ನನ್ನ ರಿಪೋರ್ಟುಗಳನ್ನು ಅವರು ಒಂದೊಂದಾಗಿ ಓದಿದರು. ಹೊಲಿಗೆ ಎಲ್ಲಿ, ಯಾವ ಔಷಧ ನಡೆಯುತ್ತಿದೆ, ರಕ್ತ ಎಷ್ಟಿದೆ, ತಲೆ ಸುತ್ತುತ್ತದೆಯೇ ಎಂದು ಕೇಳಿ ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ನೆಲದ ಮೇಲೆ ಮಲಗಿಸಿ, ಮೊಣಕಾಲಿನವರೆಗೆ ಕಾಲುಗಳನ್ನು ಒಂದು ಕುರ್ಚಿಯ ಮೇಲೆ ಇರಿಸಿ, ಹೊಟ್ಟೆಗೆ ಮಡಿಸಿದ ಕಂಬಳಿ ಹೊದಿಸಿ, "ಒಳಗೆ ಹೋಗೋ ಉಸಿರಿನ ಚಿಂತೆ ನಿಮಗೆ ಬೇಡ, ಅದು ತಾನಾಗೇ ಹತ್ಕೊಳ್ಳುತ್ತೆ. ಹೊರಗೆ ಹೋಗೋದನ್ನ ಮಾತ್ರ ನಿಧಾನಕ್ಕೆ ಇಳಿಸಿ," ಎಂದರು. ಇಷ್ಟೇನಾ ಎಂದುಕೊಂಡೆ. ಐದಾರು ಸಲ ಉಸಿರು ಬಿಟ್ಟದ್ದು ನೆನಪಿದೆ.

ಕಣ್ಣು ಬಿಟ್ಟಾಗ ಸುತ್ತಲೂ ಬೇರೆಯೇ ಜನ. ಎದ್ದು ಗಾಬರಿಯಿಂದ ಗಡಿಯಾರ ನೋಡಿದೆ. ಒಂಬತ್ತೂವರೆ. ನನ್ನ ಗುಂಪಿನವರು ಮನೆಗೆ ಹೋಗಿ ತಿಂಡಿ ತಿಂದು ಕೈ ತೊಳೆದಿರಬೇಕು. ಎರಡನೆಯ ಗುಂಪಿನವರು ನನ್ನ ಸುತ್ತ ಜಾಗ ಬಿಟ್ಟು ಚಾಪೆ ಹಾಕಿದ್ದರು. ಕೆಳಗೆ ಗಿರಣಿ ರಾಗಿ ಬೀಸುತ್ತಿತ್ತು. ನಾನು ಗೊರಕೆ ಹೊಡೆದೆನಂತೆ. ಎಬ್ಬಿಸಲು ಬಂದ ವಿಮಲಾಳನ್ನು ಮೇಡಂ ಬಾಗಿಲಲ್ಲೇ ತಡೆದು, "ಮುಟ್ಟಿದ್ರೆ ನೋಡಿ," ಎಂದಿದ್ದರಂತೆ.

"ಕ್ಷಮಿಸಿ ಮೇಡಂ," ಎಂದೆ.

"ಯಾಕೆ? ಮೊದಲನೇ ದಿನವೇ ಪಾಠ ಇಷ್ಟು ಚೆನ್ನಾಗಿ ಕಲಿತೋರು ಇಲ್ಲಿಗೆ ಇನ್ನೂ ಬಂದಿಲ್ಲ. ನಾಳೆ ಬನ್ನಿ."

ಹೋದೆ. ಆಮೇಲೆ ಹದಿನಾಲ್ಕು ತಿಂಗಳು ಹೋಗುತ್ತಲೇ ಇದ್ದೆ.

ಅವರ ತರಗತಿಗೆ ಕೆಲವು ಕಟ್ಟುಪಾಡುಗಳಿದ್ದವು. ಶವಾಸನ ಎನ್ನುವ ಮಾತನ್ನು ಅಲ್ಲಿ ಯಾರೂ ಆಡುವ ಹಾಗಿರಲಿಲ್ಲ. "ಆ ಪದ ಈ ಮೆಟ್ಟಿಲು ಹತ್ತಬಾರದು. ಇದು ಮಲಗೋ ಪಾಠ, ಅಷ್ಟೆ." ಹಾಲಿನ ಗೋಡೆಗೆ ತೂಗುಹಾಕಿದ್ದದ್ದು ಬುದ್ಧನ ಒಂದು ಚಿತ್ರ ಮಾತ್ರ. ಕೊನೆಯಲ್ಲಿ ಓಂಕಾರ ಹೇಳಬೇಕೆ ಎಂದು ಹೊಸಬರು ಕೇಳಿದರೆ, "ಓಂ ಅನ್ನೋರು ಓಂ ಅನ್ನಿ, ಅಮ್ಮ ಅನ್ನೋರು ಅಮ್ಮ ಅನ್ನಿ. ಎದೆ ಗುಂಯ್ ಅಂದ್ರೆ ಸಾಕು," ಎನ್ನುತ್ತಿದ್ದರು. ದುಂಬಿಯ ಹಾಗೆ ಗುಂಯ್‌ಗುಡುವ ಪ್ರಾಣಾಯಾಮದ ಹೊತ್ತಿಗೆ ಎರಡನೆಯ ಗುಂಪಿಗೆ ಕೆಳಗಿನ ಗಿರಣಿಯೇ ಶ್ರುತಿ ಹಿಡಿಯುತ್ತಿತ್ತು. "ಇವತ್ತು ಅಕ್ಕಿ ಹಾಕಿದಾನೆ, ಸ್ವಲ್ಪ ಮೇಲಕ್ಕೆ ಎಳೀರಿ," ಎಂದು ಅವರು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ನಮ್ಮ ಗುಂಪಿನಲ್ಲಿ ಇಬ್ಬರನ್ನು ಹೇಳಲೇಬೇಕು. ಒಬ್ಬರು ಇಂದಿರಮ್ಮ, ಅದೇ ಕಾಲೋನಿಯವರು, ಎಪ್ಪತ್ತು ದಾಟಿದವರು. ಸ್ತನದ ಆಪರೇಷನ್ ಆದ ಮೇಲೆ ಅವರ ಬಲಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಇನ್ನೊಬ್ಬರು ಆಟೋ ಓಡಿಸುತ್ತಿದ್ದ ಮುನಿರಾಜು. ಬಾಯಿ ಕ್ಯಾನ್ಸರಿಗೆ ದವಡೆಯ ಒಂದು ಭಾಗ ತೆಗೆದಿದ್ದರು. ಅವರು ಆಡಿದ ಮಾತು ಅವರ ಹೆಂಡತಿಗೂ ಅರ್ಧ ತಿಳಿಯುತ್ತಿರಲಿಲ್ಲ. ತಾಯಮ್ಮ ಮೇಡಂಗೆ ಮಾತ್ರ ಅಕ್ಷರ ಅಕ್ಷರವೂ ತಿಳಿಯುತ್ತಿತ್ತು. ಹೇಗೆ ಎಂದು ಕೇಳಿದೆ.

"ಬಾಯಿ ತುಂಬ ಎಲೆಅಡಿಕೆ ಇಟ್ಕೊಂಡು 'ಮಾಕ್ಕೆಟ್ಟು' ಅನ್ನೋರಿಗೆಲ್ಲ ಟಿಕೆಟ್ ಕೊಟ್ಟಿರೋಳು ನಾನು. ಮುನಿರಾಜು ಮಾತು ರೇಡಿಯೋ ಇದ್ದ ಹಾಗಿದೆ."

ಮುನಿರಾಜು ಏನೋ ಅಂದರು. ಮೇಡಂ ನಕ್ಕು, ನಮಗೆ ತಿಳಿಸಿದರು: "ಹಾಗಾದ್ರೆ ರೇಡಿಯೋ ಕೇಳಿದ್ದಕ್ಕೆ ಮೀಟರ್ ಮೇಲೆ ಹತ್ತು ರೂಪಾಯಿ ಕೊಡಿ ಅಂತಿದಾರೆ."

ಇಂದಿರಮ್ಮನವರ ಕೈಗೆ ಮೇಡಂ ಒಂದು ಉಪಾಯ ಮಾಡಿದ್ದರು. ಗೋಡೆಗೆ ಎದುರಾಗಿ ನಿಲ್ಲಿಸಿ, ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲಕ್ಕೆ ಹತ್ತಿಸಬೇಕು. ಬೆರಳು ನಿಂತ ಕಡೆ ಪೆನ್ಸಿಲ್ಲಿನಿಂದ ಒಂದು ಗೆರೆ. ವಾರಕ್ಕೊಂದು ಗೆರೆ. ಮಕ್ಕಳ ಎತ್ತರ ಗುರುತು ಹಾಕಿದ ಹಾಗೆ ಗೋಡೆಯ ತುಂಬ ಗೆರೆಗಳಿದ್ದವು, ಹಳೆಯ ಗುಂಪಿನವರದೂ ಸೇರಿ. ಒಮ್ಮೆ ಕಟ್ಟಡದ ಯಜಮಾನರು ಬಂದು, ಸುಣ್ಣ ಹೊಡೆಸಿ ಆರು ತಿಂಗಳಾಗಿಲ್ಲ, ಗೋಡೆ ಹೀಗೆ ಮಾಡಿದ್ದೀರಲ್ಲ ಎಂದು ರೇಗಿದರು. ಮೇಡಂ ಯಜಮಾನರ ಕೈ ಹಿಡಿದು ಗೋಡೆಯ ಹತ್ತಿರ ಕರೆದೊಯ್ದರು. "ಇದು ಇಂದಿರಮ್ಮ ಜನವರಿಯಲ್ಲಿ. ಇದು ಮಾರ್ಚ್. ಇದು ಹೋದ ವಾರ. ಇದರಲ್ಲಿ ಯಾವುದನ್ನ ಅಳಿಸ್ಲಿ ಹೇಳಿ." ಅವರು ಗೋಡೆಯನ್ನು ನೋಡಿದರು, ಇಂದಿರಮ್ಮನನ್ನು ನೋಡಿದರು, ಮೆಟ್ಟಿಲಿಳಿದರು.

"ನಿಮಗೆ ಎಲ್ಲಿ ತನಕ ಎಟುಕಬೇಕು ತಾಯಿ?" ಎಂದು ಮೇಡಂ ಮೊದಲ ದಿನವೇ ಕೇಳಿದ್ದರಂತೆ. ಇಂದಿರಮ್ಮ ಸಂಕೋಚಪಡುತ್ತ, ಅಡುಗೆಮನೆಯ ಮೇಲಿನ ಗೂಡಿನಲ್ಲಿರುವ ಕಾಫಿಪುಡಿ ಡಬ್ಬಿಯ ತನಕ ಎಂದಿದ್ದರು. "ಸೊಸೆ ಒಳ್ಳೆಯವಳೇ. ಆದ್ರೆ ಒಂದು ಲೋಟ ಕಾಫಿಗೆ ದಿನಾ ಒಬ್ಬರನ್ನ ಕೂಗೋದು ಅಂದ್ರೆ..." ಡಬ್ಬಿಯನ್ನು ಕೆಳಗಿಟ್ಟರೆ ಆಗುತ್ತಿತ್ತಲ್ಲ ಎಂದು ನನಗೆ ಅನ್ನಿಸಿತ್ತು. ಮೇಡಂ ಹಾಗೆ ಹೇಳಲಿಲ್ಲ. ಏಪ್ರಿಲ್‌ನ ಒಂದು ಬೆಳಿಗ್ಗೆ ಇಂದಿರಮ್ಮ ಫ್ಲಾಸ್ಕ್ ಹಿಡಿದು ಮೆಟ್ಟಿಲು ಹತ್ತಿ ಬಂದರು. ಸ್ಟೀಲ್ ಲೋಟಗಳಲ್ಲಿ ಎಂಟು ಜನಕ್ಕೂ ಫಿಲ್ಟರ್ ಕಾಫಿ ಬಂತು. ಅವತ್ತು ಪಾಠ ಅರ್ಧ ಗಂಟೆ ತಡವಾಗಿ ಶುರುವಾಯಿತು. ತರಗತಿಗೆ ಎರಡು ನಿಮಿಷ ತಡವಾದರೆ, "ಗಾಡಿ ಬಿಟ್ಟಾಯ್ತು," ಎನ್ನುತ್ತಿದ್ದ ಮೇಡಂ ಅವತ್ತು ಗಡಿಯಾರ ನೋಡಲೇ ಇಲ್ಲ.

ಈಗ ನನ್ನ ದಡ್ಡತನದ ವಿಷಯ ಹೇಳಬೇಕು.

ಕೀಮೋದಿಂದ ನನ್ನ ಬೆರಳ ತುದಿಗಳು ಜೋಮು ಹಿಡಿದಿದ್ದವು. ಮದುವೆ ಕಾರ್ಡಿನ ಕಾಗದವನ್ನು ಕಣ್ಣು ಮುಚ್ಚಿ ಮುಟ್ಟಿ ಇದು ಇಷ್ಟು ದಪ್ಪ, ಇಂಥ ಮಿಲ್ಲಿನದು ಎಂದು ಹೇಳುವುದು ನನ್ನ ಒಂದೇ ಒಂದು ಪ್ರತಿಭೆ. ಅದು ಹೋಯಿತು. ಒಂದು ದಿನ ಅಂಗಡಿಯಲ್ಲಿ ಹೆಣ್ಣಿನ ಕಡೆಯವರಿಗೆ ಸ್ಯಾಂಪಲ್ ಎಂದು ಕೊಟ್ಟದ್ದು ಒಂದಕ್ಕೊಂದು ಅಂಟಿದ ಎರಡು ಕಾರ್ಡು. ಹುಡುಗಿಯ ತಂದೆ ನಯವಾಗಿ ಬಿಡಿಸಿ ಒಂದನ್ನು ವಾಪಸ್ ಕೊಟ್ಟರು. ಅವರು ಹೋದ ಮೇಲೆ ನಾನು ಒಳಗೆ ಹೋಗಿ ಕಾಗದದ ಕಟ್ಟುಗಳ ನಡುವೆ ಬಹಳ ಹೊತ್ತು ಕೂತಿದ್ದೆ.

ಅದೇ ವಾರ ನೆಂಟರೊಬ್ಬರು ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದರು. ಕೀಮೋ ವಿಷ, ಪ್ರಾಣಾಯಾಮವೇ ಅಮೃತ ಎಂದು ಒಬ್ಬರು ಅದರಲ್ಲಿ ಭಾಷಣ ಮಾಡುತ್ತಿದ್ದರು. ನನಗೂ ಹಾಗೇ ಅನ್ನಿಸತೊಡಗಿತು. ಯೋಗದಿಂದ ನಿದ್ದೆ ಬಂದಿತ್ತು, ಹಸಿವು ಬಂದಿತ್ತು, ವಾಂತಿಯ ಹೆದರಿಕೆ ಕಡಿಮೆಯಾಗಿತ್ತು. ಐದು ಕೀಮೋ ಮುಗಿದಿತ್ತು. ಇನ್ನು ಮೂರು ಯಾಕೆ? ತರಗತಿ ಮುಗಿದ ಮೇಲೆ ನಿಂತು ವಿಡಿಯೋ ತೋರಿಸಿ, ಮೇಡಂಗೆ ಹೆಮ್ಮೆಯಾಗುತ್ತದೆ ಎಂದುಕೊಂಡೇ ಹೇಳಿದೆ.

"ಉಳಿದ ಮೂರು ಕೀಮೋ ಬಿಟ್ಬಿಡೋಣ ಅಂತ ಮೇಡಂ. ನಿಮ್ಮ ಪಾಠದಲ್ಲೇ ನಂಗೆ ಆರಾಮಾಗಿದೆ."

ಅವರು ಚಾಪೆ ಸುತ್ತುವುದನ್ನು ನಿಲ್ಲಿಸಿದರು. "ಡಾಕ್ಟ್ರಿಗೆ ಹೇಳಿದ್ರಾ?"

"ಅವರು ಒಪ್ತಾರಾ ಮೇಡಂ."

"ಮನೆಯೋರಿಗೆ?"

"ಇನ್ನೂ ಇಲ್ಲ."

"ಯಾಕೆ ಬಿಡ್ಬೇಕು ಅನ್ನಿಸ್ತು? ವಿಡಿಯೋ ಪಡಿಯೋ ಬೇಡ. ನಿಜ ಹೇಳಿ."

ಬೆರಳಿನ ವಿಷಯ ಹೇಳಿದೆ. ಎರಡು ಕಾರ್ಡಿನ ವಿಷಯವನ್ನೂ ಹೇಳಿದೆ.

"ಇದನ್ನ ಡಾಕ್ಟ್ರಿಗೆ ಹೇಳಿದೀರಾ?"

"ಇಲ್ಲ. ಇಷ್ಟು ದೊಡ್ಡ ಕಾಯಿಲೆ ಇಟ್ಕೊಂಡು ಬೆರಳು ಜುಂ ಅನ್ನುತ್ತೆ ಅಂತ ಹೇಗೆ..."

"ನೀವು ಹೇಳ್ದೆ ಇದ್ರೆ ಅವರಿಗೇನು ಕನಸು ಬೀಳುತ್ತಾ?" ಎಂದರು. ಆಮೇಲೆ, "ನಾಳೆ ಎಂಟು ಗಂಟೆಗೆ ಬನ್ನಿ. ಇಲ್ಲಿಗಲ್ಲ, ಬಸ್ ಸ್ಟಾಪಿಗೆ."

ಮರುದಿನ ಬಸ್ ಸ್ಟಾಪಿನಲ್ಲಿ ವಿಮಲಾ ನನಗಿಂತ ಮುಂಚೆ ಫೈಲ್ ಹಿಡಿದು ನಿಂತಿದ್ದಳು. ಬೆಳಿಗ್ಗೆ ತರಕಾರಿಗೆ ಎಂದು ಹೇಳಿ ಹೊರಟವಳು. ಹಿಂದಿನ ಸಂಜೆಯೇ ಮೇಡಂ ಅವಳಿಗೆ ಫೋನ್ ಮಾಡಿದ್ದರೆಂದು ಆಗ ತಿಳಿಯಿತು. ಎರಡೂ ತರಗತಿಗಳನ್ನು ಅವತ್ತು ಮೇಡಂ ಇಂದಿರಮ್ಮನವರ ಉಸ್ತುವಾರಿಗೆ ಬಿಟ್ಟು ಬಂದಿದ್ದರು. ಬಸ್ ಬಂತು. ಹೆಂಗಸರಿಗೆ ಪ್ರಯಾಣ ಉಚಿತ; ಆದರೂ ಮೇಡಂ ಕಂಡಕ್ಟರ್ ಹುಡುಗಿಯ ಕೈಯಿಂದ ತಮ್ಮಿಬ್ಬರ ಟಿಕೆಟ್ ತಪ್ಪದೆ ಹರಿಸಿಕೊಂಡು ಕೂತರು. ಅವರೂ ವಿಮಲಾಳೂ ಮುಂದಿನ ಸೀಟಿನಲ್ಲಿ, ನಾನು ಅವರ ಹಿಂದೆ. ಸ್ವಲ್ಪ ದೂರ ಹೋದ ಮೇಲೆ ಮೇಡಂ ಮಾತು ಶುರು ಮಾಡಿದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಾನು ಮುಂದಕ್ಕೆ ಬಾಗಿ ಕೇಳಬೇಕಾಯಿತು.

"ನಮ್ಮ ಮನೆಯೋರು ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ರು ತಾಯಿ. ಹೊಟ್ಟೆ ಕ್ಯಾನ್ಸರ್. ಎರಡು ಕೀಮೋ ತಗೊಂಡ್ರು, ಸುಸ್ತು ತಡೆಯಕ್ಕಾಗಲ್ಲ ಅಂದ್ರು. ಯಾರೋ ಒಬ್ಬರು ಪುಡಿ ಕೊಡ್ತಾರೆ, ಅದರಲ್ಲಿ ಎಷ್ಟೋ ಜನ ವಾಸಿಯಾಗಿದಾರೆ ಅಂದ್ರು. ನಂಬಿದ್ವಿ. ನಾಲ್ಕು ತಿಂಗಳು. ದಿನಾ ಡ್ಯೂಟಿಗೆ ಹೋಗೋಕೆ ಮುಂಚೆ ಜೇನುತುಪ್ಪದಲ್ಲಿ ಕಲಸಿ ಕೊಡ್ತಿದ್ದೋಳು ನಾನೇ. ತಿರುಗಿ ಆಸ್ಪತ್ರೆಗೆ ಹೋಗೋ ಹೊತ್ತಿಗೆ, ಇನ್ನು ನೋವಿಗೆ ಮಾತ್ರ ಔಷಧ ಕೊಡ್ಬೋದು ಅಂದ್ರು."

ವಿಮಲಾ ಅವರ ಕೈ ಹಿಡಿದುಕೊಂಡಳು.

"ಅಲ್ಲಿ ವಾರ್ಡಲ್ಲಿ ಯೋಗ ಕಲಿಸೋ ಒಬ್ಬಳು ಹುಡುಗಿ ಇದ್ದಳು. ಇವರ ಹೊಟ್ಟೆ ಮೇಲೆ ಇವರದೇ ಕೈ ಇಡಿಸಿ, ಉಸಿರು ಬಿಡೋದು ಹೇಳ್ಕೊಟ್ಟಳು. ಬಿಟ್ಟಾಗ ಇವರ ಹುಬ್ಬಿನ ಗಂಟು ಸಡಿಲ ಆಗ್ತಿತ್ತು. ಅಷ್ಟೊತ್ತು ಮೊದಲಿನ ಮುಖವೇ ಕಾಣೋದು. ನಾನು ಇದನ್ನ ಕಲಿತಿದ್ದು ಅದಕ್ಕೆ. ಕಾಯಿಲೆ ವಾಸಿ ಮಾಡ್ತೀನಿ ಅಂತಲ್ಲ. ಈಗ ನಿಮ್ಮ ಯಜಮಾನ್ರು ನನ್ನ ಪಾಠದ ಹೆಸರು ಹೇಳ್ಕೊಂಡು ಔಷಧ ಬಿಟ್ರೆ, ನಾನು ಎರಡನೇ ಸಲ ಪುಡಿ ಕಲಸಿ ಕೊಟ್ಟ ಹಾಗಾಗುತ್ತೆ."

ನಾನು ಕಿಟಕಿಯ ಆಚೆ ನೋಡುತ್ತ ಕೂತೆ. ಆಸ್ಪತ್ರೆಯ ಸ್ಟಾಪಿನಲ್ಲಿ ಅವರಿಬ್ಬರಿಗಿಂತ ಮುಂಚೆ ಇಳಿದೆ.

ಡಾಕ್ಟರಿಗೆ ಬೆರಳಿನ ವಿಷಯ ಹೇಳಿದೆ. ಅವರು ಅಂಗಿಯ ಗುಂಡಿ ಹಾಕಿಸಿ ನೋಡಿದರು, ಸೂಜಿ ಚುಚ್ಚಿ ನೋಡಿದರು, "ಮೊದಲೇ ಯಾಕೆ ಹೇಳ್ಲಿಲ್ಲ?" ಎಂದು ಗದರಿದರು. ತೊಂದರೆ ಕೊಡುತ್ತಿದ್ದ ಔಷಧವನ್ನು ನಿಲ್ಲಿಸಿ, ಇನ್ನೊಂದನ್ನು ಮುಂದುವರಿಸಿದರು. ಉಳಿದ ಮೂರೂ ಸರದಿ ಮುಗಿಸಿದೆ. ಅಷ್ಟು ಸರಳವಾಗಿತ್ತು. ಮೇಡಂ ಮಾತ್ರ ಆಮೇಲೆ ಎರಡು ತಿಂಗಳು, ಕೀಮೋ ತಗೊಂಡ ಚೀಟಿ ತೋರಿಸದೆ ನನ್ನನ್ನು ಹಾಲಿನೊಳಕ್ಕೆ ಬಿಡಲಿಲ್ಲ. ಬಾಗಿಲಲ್ಲಿ ನಿಂತು, ಕೈ ಚಾಚಿ, "ಪಾಸ್ ತೋರ್ಸಿ," ಎನ್ನುತ್ತಿದ್ದರು.

ಬೆರಳಿಗೆ ಅವರದೊಂದು ಪಾಠವಿತ್ತು. ಒಂದು ಬಟ್ಟಲಲ್ಲಿ ರಾಗಿ, ಹೆಸರುಕಾಳು, ಕಡಲೆ ಬೆರೆಸಿ ಕಣ್ಣು ಮುಚ್ಚಿ ಆರಿಸಬೇಕು. ಸ್ಪರ್ಶ ಮತ್ತೆ ಬರುತ್ತದೆಯೇ ಎಂದು ಕೇಳಿದೆ.

"ಬರುತ್ತೋ ಬರಲ್ವೋ ನಂಗೊತ್ತಿಲ್ಲ. ಬಂದಾಗ ಬೆರಳಿಗೆ ಕೆಲಸ ಮರೆತಿರಬಾರದು, ಅಷ್ಟೇ ನಂಗೊತ್ತು."

ಗೊತ್ತಿಲ್ಲ ಎನ್ನುವ ಮಾತನ್ನು ಅವರಷ್ಟು ಧೈರ್ಯವಾಗಿ ಹೇಳುವವರನ್ನು ನಾನು ಕಂಡಿಲ್ಲ. ಮುಕ್ಕಾಲು ಪಾಲು ಬಂತು. ಈಗಲೂ ತೀರ ತೆಳುವಾದ ಕಾಗದ ನನ್ನನ್ನು ಮೋಸಗೊಳಿಸುತ್ತದೆ. ಅಂಥದ್ದನ್ನು ವಿಮಲಾಳ ಕೈಗೆ ಕೊಡುತ್ತೇನೆ. ಅವಳು ಈಗ ವಾರಕ್ಕೆ ಮೂರು ದಿನ ಅಂಗಡಿಗೆ ಬರುತ್ತಾಳೆ, ಗಿರಾಕಿಗಳ ಜೊತೆ ನನಗಿಂತ ಚೆನ್ನಾಗಿ ಮಾತಾಡುತ್ತಾಳೆ.

ಮುನಿರಾಜು ಉಳಿಯಲಿಲ್ಲ. ಕಾಯಿಲೆ ಮರುಕಳಿಸಿತು. ಮೆಟ್ಟಿಲು ಹತ್ತಲು ಆಗದಾದಾಗ ಮೇಡಂ, "ಅವರಿಗೆ ಬರೋಕಾಗಲ್ಲ ಅಂದ್ರೆ ಕ್ಲಾಸೇ ಹೋಗುತ್ತೆ," ಎಂದು ಶನಿವಾರಗಳಂದು ನಮ್ಮನ್ನೆಲ್ಲ ಅವರ ಮನೆಗೆ ಹೊರಡಿಸಿದರು. ಚಾಮರಾಜಪೇಟೆಯ ಒಂದು ವಠಾರದ ಎರಡು ಕೋಣೆಯ ಮನೆ. ಎಂಟು ಜನ ಹಿಡಿಸುವುದಿಲ್ಲ. ಮೂವರು ಒಳಗೆ, ಉಳಿದವರು ಜಗಲಿಯಲ್ಲಿ. ಮುನಿರಾಜು ಮಂಚದ ಮೇಲೆ. ಮೇಡಂ ಹೇಳಿದ ಹಾಗೆ ಎಲ್ಲರೂ ಒಟ್ಟಿಗೆ ಉಸಿರು ಬಿಡುತ್ತಿದ್ದೆವು. ವಠಾರದ ಹೆಂಗಸರು ನೀರು ಹಿಡಿಯುವುದನ್ನು ನಿಲ್ಲಿಸಿ ನೋಡುತ್ತಿದ್ದರು, ಕೆಲವರು ತಾವೂ ಬಿಡುತ್ತಿದ್ದರು. ಕೊನೆಯ ಶನಿವಾರ ಮುನಿರಾಜು ಮೇಡಂ ಕಡೆ ತಿರುಗಿ ಏನೋ ಹೇಳಿದರು. ಮೇಡಂ ತಲೆಯಾಡಿಸಿ, ಅವರ ಹಣೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತರು. ಹೊರಗೆ ಬಂದ ಮೇಲೆ ಇಂದಿರಮ್ಮ ಏನಂದರೆಂದು ಕೇಳಿದರು.

"ನನ್ನ ಚಾಪೆ ಖಾಲಿ ಬಿಡಬೇಡಿ ಅಂದ್ರು. ಜನ ಕಾಯ್ತಿರ್ತಾರೆ ಅಂತ."

ಮುನಿರಾಜು ತೀರಿಹೋದ ಮಾರನೆಯ ದಿನ ನಾವು ಹಾಲಿಗೆ ಬಂದಾಗ ಮೇಡಂ ಚಪ್ಪಲಿ ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದರು. "ಇವತ್ತು ಪಾಠ ಬೇಡ. ನಡೀರಿ," ಎಂದು ಗಾಂಧಿಬಜಾರಿನ ಒಂದು ಹೋಟೆಲಿಗೆ ಕರೆದೊಯ್ದು ಎಲ್ಲರಿಗೂ ಬೋಂಡ ಸೂಪ್ ಹೇಳಿದರು. ಮುನಿರಾಜುಗೆ ಅಗಿಯಲು ಆಗುತ್ತಿರಲಿಲ್ಲ. ಮೊದಲು ನಾವು ತರಗತಿ ಮುಗಿಸಿ ಅಲ್ಲಿಗೆ ಹೋದಾಗಲೆಲ್ಲ ಸೂಪ್ ಕುಡಿದು, ಬೋಂಡವನ್ನು ಪಕ್ಕದಲ್ಲಿ ಕೂತವರ ತಟ್ಟೆಗೆ ಹಾಕುತ್ತಿದ್ದರು. ಹಾಗೆ ಅವರ ಬೋಂಡ ತಿನ್ನದವರು ನಮ್ಮಲ್ಲಿ ಯಾರೂ ಇರಲಿಲ್ಲ. ಅವರು ಹೇಳಿದ ಜೋಕುಗಳನ್ನು ಮೇಡಂ ಒಂದೊಂದಾಗಿ ಹೇಳಿದರು. ಅವುಗಳಲ್ಲಿ ಅರ್ಧ ನಮಗೆ ಆಗ ಅರ್ಥವೇ ಆಗಿರಲಿಲ್ಲ. ಮೇಡಂ ಕೂಡ ಎಲ್ಲವನ್ನೂ ಆಗಲೇ ತಿಳಿಸಿರಲಿಲ್ಲ, ಕೆಲವು ನಮ್ಮ ಬಗ್ಗೆಯೇ ಇದ್ದವು. ನನ್ನ ಗೊರಕೆ ರಿವರ್ಸ್ ಗೇರ್ ಹಾಕಿದ ಲಾರಿಯಂತೆ ಎಂದು ಮುನಿರಾಜು ಅಂದಿದ್ದರಂತೆ. ಹೋಟೆಲಿನವರು ತಿರುಗಿ ನೋಡುವಷ್ಟು ನಕ್ಕೆವು. ಸೋಮವಾರ ಆ ಚಾಪೆಯ ಮೇಲೆ ಹೊಸಬರೊಬ್ಬರು ಇದ್ದರು.

ಒಂದು ವರ್ಷ ದಾಟಿದ ಮೇಲೆ ನನ್ನ ಸ್ಕ್ಯಾನ್ ಶುದ್ಧವಾಗಿ ಬಂತು. ರಿಪೋರ್ಟ್ ಮತ್ತು ಮೈಸೂರುಪಾಕು ಹಿಡಿದು ಹೋದೆ. ಮೇಡಂ ರಿಪೋರ್ಟನ್ನು ಎರಡು ಸಲ ಓದಿ, ಮೈಸೂರುಪಾಕನ್ನು ಎಲ್ಲರಿಗೂ ಹಂಚಿ, "ಈ ತಿಂಗಳು ಮುಗಿಸಿ ನಿಲ್ಸಿಬಿಡಿ. ನಿಮ್ಮ ಜಾಗಕ್ಕೆ ಒಬ್ಬರು ಕಾಯ್ತಿದಾರೆ. ಮನೇಲಿ ಮಾಡ್ಕೊಳ್ಳಿ, ವಾಕಿಂಗ್ ಮಾಡಿ, ಡಾಕ್ಟ್ರು ಹೇಳಿದ ದಿನಕ್ಕೆ ತಪ್ಪದೆ ಹೋಗಿ," ಎಂದರು. ನನಗೆ ಬೇಜಾರಾಯಿತು. ಶಾಲೆಯಿಂದ ಹೆಸರು ತೆಗೆಸಿದ ಹಾಗೆ. ಒಂದೆರಡು ಸಲ ಏನೋ ನೆಪ ಮಾಡಿಕೊಂಡು ಹೋದೆ. ಮೂರನೆಯ ಸಲ, "ನಿಮಗೆ ಅಂಗಡಿ ಇಲ್ವಾ ಸ್ವಾಮಿ?" ಎಂದರು. ಆಮೇಲೆ ಹೋಗಲಿಲ್ಲ.

ಕೊನೆಗೆ ಅವರನ್ನು ನೋಡಿದ್ದು ಹೋದ ಡಿಸೆಂಬರಿನಲ್ಲಿ, ಗಾಂಧಿಬಜಾರಿನ ಹೂವಿನ ಸಾಲಿನಲ್ಲಿ. ಬೆಳಿಗ್ಗೆ ಹತ್ತು ಗಂಟೆ. ಕೈಯಲ್ಲಿ ಚೀಲ ಹಿಡಿದು ಸೇವಂತಿಗೆ ಮಾಲೆಗೆ ಚೌಕಾಸಿ ಮಾಡುತ್ತಿದ್ದರು. ನನಗೆ ಮೊದಲು ಕೇಳಿದ್ದು ಧ್ವನಿಯೇ. ಎರಡು ವರ್ಷದ ಮೇಲಾಗಿತ್ತು. ಓಡಿಹೋಗಿ ಎದುರು ನಿಂತು, "ನಮಸ್ಕಾರ ಮೇಡಂ," ಎಂದೆ.

ಅವರು ಕನ್ನಡಕದ ಮೇಲಿನಿಂದ ನೋಡಿದರು. "ನಮಸ್ಕಾರ. ಯಾರು ಸ್ವಾಮಿ?"

ನಿಜ ಹೇಳುತ್ತೇನೆ, ಎದೆಗೆ ಚುಚ್ಚಿದ ಹಾಗಾಯಿತು. ಹದಿನಾಲ್ಕು ತಿಂಗಳು ದಿನವೂ ನೋಡಿದ ಮುಖ. "ನಾನು ಮೇಡಂ, ಪ್ರಭಾಕರ. ಸುಲ್ತಾನ್‌ಪೇಟೆ, ಕಾರ್ಡ್ ಅಂಗಡಿ..."

ಅವರ ಬಾಯಿ ತೆರೆದುಕೊಂಡಿತು. ಮಾಲೆಯನ್ನು ಹೂವಿನವಳ ಬುಟ್ಟಿಗೆ ಹಾಕಿ, ನನ್ನನ್ನು ಭುಜ ಹಿಡಿದು ಒಂದು ಸುತ್ತು ತಿರುಗಿಸಿದರು. ನನ್ನ ತಲೆಗೂದಲು ನೋಡಿದರು, ಕೆನ್ನೆ ನೋಡಿದರು, ಅಂಗಿಯ ಗುಂಡಿಗಳನ್ನು ಎಳೆಯುತ್ತಿದ್ದ ಹೊಟ್ಟೆಯನ್ನು ನೋಡಿದರು. ಅವರ ಕಣ್ಣು ತುಂಬಿ ಬಂದಿತ್ತು. ಧ್ವನಿ ಮಾತ್ರ ಮೊದಲಿನದೇ. ಇಡೀ ಹೂವಿನ ಸಾಲಿಗೆ ಕೇಳಿಸಿತು.

"ಗುರುತೇ ಸಿಗಲಿಲ್ಲ ನೋಡಿ. ನಾನು ಕಂಡಿದ್ದು ಕಾಯಿಲೆ ಮನುಷ್ಯನ್ನ. ಇವರು ಬೇರೆ ಯಾರೋ."

ಆಮೇಲೆ ರಸ್ತೆಬದಿಯಲ್ಲೇ ನಿಂತು ಮಾತಾಡಿದೆವು. ಮುಂದಿನ ತಿಂಗಳು ಅವರು ಕನಕಪುರಕ್ಕೆ ಹೋಗುವವರಿದ್ದರು. ಆ ಕಡೆಯಿಂದ ಬೆಂಗಳೂರಿಗೆ ಚಿಕಿತ್ಸೆಗೆ ಬರುವವರು ದಾರಿಯಲ್ಲೇ ಅರ್ಧ ಸುಸ್ತಾಗುತ್ತಾರೆ. ಪಾಠಕ್ಕೂ ಇಷ್ಟು ದೂರ ಅವರನ್ನು ಎಳೆತರುವ ಬದಲು ತಾವೇ ಅಲ್ಲಿಗೆ ಹೋಗುವುದು ಮೇಲು ಎಂದರು. ಗಿರಣಿಯ ಮೇಲಿನ ತರಗತಿಯನ್ನು ಅವರ ಕೈಕೆಳಗೆ ಕಲಿತ ಇಬ್ಬರು ನೋಡಿಕೊಳ್ಳುತ್ತಾರೆ. ಇಂದಿರಮ್ಮ ಚೆನ್ನಾಗಿದ್ದಾರೆ. ಇಷ್ಟು ಹೇಳಿ, ಮಾಲೆಯನ್ನು ತಾವು ಕೇಳಿದ ಬೆಲೆಗೇ ತೆಗೆದುಕೊಂಡು ಹೊರಟರು. ನಾಲ್ಕು ಹೆಜ್ಜೆ ಹೋಗಿ ತಿರುಗಿದರು.

"ಮನೇಲಿ ವಿಮಲಾ ಅವರಿಗೆ ಹೇಳಿ, ತಾಯಮ್ಮಂಗೆ ನನ್ನ ಗುರುತು ಸಿಗಲಿಲ್ಲ ಅಂತ. ಮರೀದೆ ಹೇಳಿ."

ನಾನು ಅಂಗಡಿಗೆ ಹೋಗಲಿಲ್ಲ. ಸೀದಾ ಮನೆಗೆ ಬಂದೆ. ವಿಮಲಾ ನಡುಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬಾಗಿಲಲ್ಲೇ ನಿಂತು, ಎಲ್ಲಿ ಕಂಡರು, ಏನು ಕೊಳ್ಳುತ್ತಿದ್ದರು, ಹೇಗೆ ನೋಡಿದರು, ಯಾರು ಸ್ವಾಮಿ ಎಂದು ಹೇಗೆ ಕೇಳಿದರು ಎಂದು ಒಂದೂ ಬಿಡದೆ ಹೇಳಿದೆ. ಅವಳು ಮಡಿಲಲ್ಲಿದ್ದ ಅವರೆಕಾಯಿಯನ್ನೆಲ್ಲ ಮೊರಕ್ಕೆ ಸುರಿದು, ಪಕ್ಕದಲ್ಲಿ ಜಾಗ ಮಾಡಿ, "ಕೂತ್ಕೊಳ್ಳಿ," ಎಂದಳು. ಕೂತೆ.

"ಇನ್ನೊಂದ್ಸಲ ಹೇಳ್ರೀ," ಎಂದಳು.